ವಿಭಾಗಕ್ಕೆ ಉಪಕರಣ ಬೇಕು: ಫಿಸ್ಟ್, ಪರ್ಸ್, ಪೇರ್, ಪಿಎಂ-ಉಷಾ, ಕೆ-ಫಿಸ್ಟ್‌ಗಳಲ್ಲಿ ಯಾವುದಕ್ಕೆ ಅರ್ಜಿ ಹಾಕುವುದು?

ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗವೊಂದಕ್ಕೆ ಒಳ್ಳೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪೋ, ಎಲ್‌ಸಿ-ಎಂಎಸ್ಸೋ (ಮಿಶ್ರಣದಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಬೇಕಾಗಿದೆ ಎಂದುಕೊಳ್ಳಿ. ಹಿರಿಯ ಪ್ರಾಧ್ಯಾಪಕರು ಫಿಸ್ಟ್‌ಗೆ ಹಾಕೋಣ ಎನ್ನುತ್ತಾರೆ. ಕಿರಿಯರು ರಾಜ್ಯ ಸರ್ಕಾರದ ಕೆ-ಫಿಸ್ಟ್ ಸುಲಭ ಎನ್ನುತ್ತಾರೆ. ಕುಲಪತಿಗಳು ಪೇರ್ ಅಥವಾ ಪಿಎಂ-ಉಷಾದ ಮಾತೆತ್ತುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಮೊದಲು ನೋಡುವುದು ಎಷ್ಟು ಕೋಟಿ ಸಿಗುತ್ತದೆ ಎಂಬುದನ್ನು. ಎಡವುವುದೂ ಅಲ್ಲಿಯೇ. ಸರ್ಕಾರದ ಈ ಅನುದಾನ ಯೋಜನೆಗಳು ಹಣದ ಗಾತ್ರಕ್ಕಿಂತ ಹೆಚ್ಚಾಗಿ ಅರ್ಜಿದಾರ ಯಾರು ಎಂಬುದರಲ್ಲಿ ಬೇರೆಬೇರೆ. ಒಂದು ವಿಭಾಗದ್ದು, ಇನ್ನೊಂದು ಇಡೀ ವಿಶ್ವವಿದ್ಯಾಲಯದ್ದು, ಮತ್ತೊಂದು ಹಲವು ಸಂಸ್ಥೆಗಳ ಕೂಟದ್ದು. ತಪ್ಪು ಬಾಗಿಲು ತಟ್ಟಿದರೆ ಪ್ರಸ್ತಾವನೆ ಎಷ್ಟೇ ಚೆನ್ನಾಗಿದ್ದರೂ ಪರಿಶೀಲನೆಯ ಮೊದಲ ಹಂತದಲ್ಲೇ ಬಿದ್ದುಹೋಗುತ್ತದೆ.

ಮೊದಲು ಅಳತೆಗೋಲು

ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಮುಂದೆ ಹೋಗಿ. ಅರ್ಜಿ ಯಾರ ಹೆಸರಲ್ಲಿ ಹೋಗುತ್ತದೆ, ಯಾರ ಸಹಿ ಬೇಕು? ಆ ಹಣದಲ್ಲಿ ಉಪಕರಣ ಮಾತ್ರವೋ, ಕಟ್ಟಡ, ದುರಸ್ತಿ, ಸಿಬ್ಬಂದಿಯೂ ಸೇರುತ್ತಾರೋ? ಹಣ ಯಾವ ದಾರಿಯಲ್ಲಿ ಬರುತ್ತದೆ, ಯಾವ ಖರೀದಿ ನಿಯಮ ಅನ್ವಯಿಸುತ್ತದೆ? ವಾರಂಟಿ ಮುಗಿದ ಮೇಲೆ ಯಂತ್ರವನ್ನು ಯಾರು ಸಾಕುತ್ತಾರೆ?

ಕೊನೆಯ ಪ್ರಶ್ನೆಯನ್ನು ಹೆಚ್ಚಿನ ಪ್ರಸ್ತಾವನೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ: ‘ನಿರ್ವಹಣೆಯನ್ನು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ.’ ಅದರ ನಿಜವಾದ ಲೆಕ್ಕ ಹೀಗಿರುತ್ತದೆ. ಯಂತ್ರದ ಮೂಲ ಬೆಲೆ 1.20 ಕೋಟಿ ಎಂದಿಟ್ಟುಕೊಳ್ಳಿ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳಿಗಿದ್ದ ಶೇ. 5ರ ಜಿಎಸ್‌ಟಿ ರಿಯಾಯಿತಿ 2022ರ ಜುಲೈನಲ್ಲೇ ಹೋಯಿತು. ಈಗ ಶೇ. 18, ಅಂದರೆ 21.6 ಲಕ್ಷ. ಆನ್‌ಲೈನ್ ಯುಪಿಎಸ್, ಹವಾನಿಯಂತ್ರಣ, ಪ್ರತ್ಯೇಕ ಅರ್ಥಿಂಗ್, ಕೋಣೆಯ ದುರಸ್ತಿಗೆ 10 ಲಕ್ಷ. ಮೂರು ವರ್ಷದ ವಾರಂಟಿಯ ನಂತರ ಐದು ವರ್ಷ ಸಮಗ್ರ ನಿರ್ವಹಣಾ ಒಪ್ಪಂದ, ವರ್ಷಕ್ಕೆ ಬೆಲೆಯ ಶೇ. 6 ಎಂದು ಹಿಡಿದರೂ ತೆರಿಗೆ ಸೇರಿ ಸುಮಾರು 42.5 ಲಕ್ಷ. ಒಟ್ಟು 1.94 ಕೋಟಿ. ಪ್ರಸ್ತಾವನೆಯಲ್ಲಿ 1.20 ಕೋಟಿ ಮಾತ್ರ ಬರೆದವರು ಉಳಿದ 74 ಲಕ್ಷಕ್ಕೆ ಹಣಕಾಸು ಅಧಿಕಾರಿಯ ಬಾಗಿಲಲ್ಲಿ ನಿಲ್ಲುತ್ತಾರೆ.

ಬಳಕೆಯ ಲೆಕ್ಕವನ್ನೂ ಈಗಲೇ ಮಾಡಿ. ನಿರ್ವಹಣಾ ಒಪ್ಪಂದ ವರ್ಷಕ್ಕೆ 8.5 ಲಕ್ಷ, ತಿಂಗಳಿಗೆ 35 ಸಾವಿರದ ಒಬ್ಬ ಆಪರೇಟರ್ 4.2 ಲಕ್ಷ, ವಿದ್ಯುತ್ತು ಮತ್ತು ಬಳಕೆ ಸಾಮಗ್ರಿ 2.3 ಲಕ್ಷ ಎಂದರೆ ಒಟ್ಟು 15 ಲಕ್ಷ. ವರ್ಷಕ್ಕೆ ಸಾವಿರ ಸ್ಯಾಂಪಲ್ ಓಡಿದರೆ ತಲಾ 1,500 ರೂಪಾಯಿ. ಇನ್ನೂರೈವತ್ತೇ ಓಡಿದರೆ ತಲಾ 6,000. ಆಗ ಹೊರಗಿನ ಕೇಂದ್ರವೊಂದು ಅದೇ ಅಳತೆಯನ್ನು ಎರಡು ಸಾವಿರಕ್ಕೆ ಮಾಡಿಕೊಡುವಂತಿದ್ದರೆ ಈ ಯಂತ್ರ ನಿಮಗೆ ಬೇಕಿಲ್ಲ. ಈ ಒಂದು ಪುಟದ ಲೆಕ್ಕ ಕೈಯಲ್ಲಿಲ್ಲದೆ ಮುಂದಿನ ಯಾವ ಯೋಜನೆಯನ್ನೂ ತೂಗಲು ಬರುವುದಿಲ್ಲ.

ಫಿಸ್ಟ್: ವಿಭಾಗದ ಹೆಸರಲ್ಲಿ

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಂದರೆ ಡಿಎಸ್‌ಟಿ, 2000ದಲ್ಲಿ ಶುರುಮಾಡಿದ ಯೋಜನೆ ಇದು. ಅರ್ಜಿದಾರ ವಿಭಾಗ, ಒಬ್ಬ ಪ್ರಾಧ್ಯಾಪಕರಲ್ಲ. ಅವಧಿ ಐದು ವರ್ಷ. ಈಗಿನ ರೂಪದಲ್ಲಿ ಎ ಯಿಂದ ಡಿ ವರೆಗೆ ನಾಲ್ಕು ಹಂತಗಳಿವೆ. ಎ ಹಂತ ಸ್ನಾತಕೋತ್ತರ ಕಾಲೇಜುಗಳಿಗೆ, ಉಳಿದವು ವಿಭಾಗದ ಸಂಶೋಧನಾ ಬಲಕ್ಕೆ ತಕ್ಕಂತೆ. ಮೇಲಿನ ಹಂತಗಳಲ್ಲಿ, ಅದರಲ್ಲೂ ಖಾಸಗಿ ಸಂಸ್ಥೆಗಳು, ತಮ್ಮ ಪಾಲನ್ನೂ ಹಾಕಬೇಕಾಗುತ್ತದೆ. ಪಾಲು ಎಷ್ಟೆಂದು ಆಯಾ ಕರೆಯ ಪ್ರಕಟಣೆಯಲ್ಲಿ ನೋಡಿ, ಅರ್ಜಿಗೆ ಮೊದಲೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಒಪ್ಪಿಗೆ ಪಡೆಯಿರಿ. ಮಂಜೂರಾತಿ ಬಂದಮೇಲೆ ಪಾಲಿಗೆ ಹಣವಿಲ್ಲ ಎಂದು ಕೈಚೆಲ್ಲುವ ವಿಭಾಗಗಳಿಗೆ ಮುಂದಿನ ಸಲ ಕೇಳಲು ಮುಖವಿರುವುದಿಲ್ಲ.

ಫಿಸ್ಟ್‌ನಲ್ಲಿ ಉಪಕರಣ, ಗಣಕ ಮತ್ತು ಜಾಲ ಸೌಲಭ್ಯ, ಪ್ರಯೋಗಾಲಯದ ಸುಧಾರಣೆ, ನಿರ್ವಹಣೆ ಎಂಬ ಬಾಬುಗಳಿರುತ್ತವೆ. ಹೊಸ ಕಟ್ಟಡ ಕಟ್ಟಲು ಇದು ದಾರಿಯಲ್ಲ. ನಿರ್ವಹಣೆಯ ಬಾಬು ಇರುವುದೇ ಇದರ ದೊಡ್ಡ ಗುಣ, ಆದರೆ ಅದನ್ನು ಕೇಳದೆ ಬಿಡುವವರೇ ಹೆಚ್ಚು. ಆ ಹಣವನ್ನೂ ಯಂತ್ರಕ್ಕೇ ಸುರಿದು ಒಂದು ದರ್ಜೆ ಮೇಲಿನ ಮಾದರಿ ಕೊಳ್ಳುವ ಆಸೆ ಸಹಜ. ಐದನೇ ವರ್ಷದಲ್ಲಿ ಅದು ನಿಂತುಹೋಗುವುದೂ ಅಷ್ಟೇ ಸಹಜ.

ತಜ್ಞರ ಸಮಿತಿಯ ಮುಂದೆ ವಿಭಾಗದ ಮುಖ್ಯಸ್ಥರು ವಿವರಣೆ ಕೊಡಬೇಕಾಗುತ್ತದೆ. ಅಲ್ಲಿ ಖಚಿತವಾಗಿ ಎದುರಾಗುವ ಪ್ರಶ್ನೆಗಳು ಕೆಲವಿವೆ. ಇದೇ ಯಂತ್ರ ನಿಮ್ಮ ಕ್ಯಾಂಪಸ್ಸಿನ ಬೇರೆ ವಿಭಾಗದಲ್ಲಿ ಇಲ್ಲವೇ? ಇರುವ ಉಪಕರಣಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ? ಐದು ವರ್ಷದಲ್ಲಿ ಎಷ್ಟು ಜನ ನಿವೃತ್ತರಾಗುತ್ತಾರೆ? ಕೊನೆಯದಕ್ಕೆ ರಾಜ್ಯ ವಿಶ್ವವಿದ್ಯಾಲಯಗಳ ಹತ್ತಿರ ಒಳ್ಳೆಯ ಉತ್ತರ ಇರುವುದು ಕಡಿಮೆ. ಮಂಜೂರಾದ ಹುದ್ದೆಗಳಲ್ಲಿ ಅರ್ಧ ಖಾಲಿಯಿದ್ದು, ಇರುವವರಲ್ಲಿ ಇಬ್ಬರು ಎರಡು ವರ್ಷದಲ್ಲಿ ನಿವೃತ್ತರಾಗುವ ವಿಭಾಗ ದೊಡ್ಡ ಹಂತಕ್ಕೆ ಹೋಗದಿರುವುದೇ ಲೇಸು. ಹಂತ ಕೆಳಗಿಳಿಸಿ, ಎರಡು ವಿಭಾಗಗಳು ಹಂಚಿಕೊಳ್ಳಬಹುದಾದ ಒಂದೇ ಯಂತ್ರ ಕೇಳಿ. ಹತ್ತು ಸಣ್ಣ ಉಪಕರಣಗಳ ಪಟ್ಟಿಯನ್ನು ಕಂಡರೆ ಸಮಿತಿಗೆ ಅದು ಪ್ರತಿ ಪ್ರಾಧ್ಯಾಪಕರಿಗೂ ಒಂದೊಂದು ಹಂಚಿದಂತೆಯೇ ಕಾಣುತ್ತದೆ, ಮತ್ತು ಬಹುಪಾಲು ಅದು ನಿಜವೇ ಆಗಿರುತ್ತದೆ.

ಪರ್ಸ್: ಇಡೀ ವಿಶ್ವವಿದ್ಯಾಲಯದ ಹೆಸರಲ್ಲಿ

2009ರಲ್ಲಿ ಬಂದ ಪರ್ಸ್ ಕೂಡ ಡಿಎಸ್‌ಟಿಯದೇ. ಇದು ವಿಶ್ವವಿದ್ಯಾಲಯಗಳಿಗೆ ಮಾತ್ರ, ಕಾಲೇಜುಗಳು ಈ ಕಡೆ ನೋಡುವಂತಿಲ್ಲ. ವಿಶ್ವವಿದ್ಯಾಲಯದ ಒಟ್ಟು ಪ್ರಕಟಣೆಗಳ ಎಚ್-ಸೂಚ್ಯಂಕವೇ (ಪ್ರಬಂಧಗಳ ಸಂಖ್ಯೆ ಮತ್ತು ಅವನ್ನು ಬೇರೆಯವರು ಉಲ್ಲೇಖಿಸಿದ ಪ್ರಮಾಣ ಎರಡನ್ನೂ ಅಳೆಯುವ ಅಂಕಿ) ಇದರ ಮೊದಲ ಜರಡಿ. ಈಗಿನ ರೂಪದಲ್ಲಿ ಒಂದು ನಿರ್ದಿಷ್ಟ ಸಂಶೋಧನಾ ವಿಷಯದ ಸುತ್ತ ಹಲವು ವಿಭಾಗಗಳು ಕೂಡಿ ಕೆಲಸ ಮಾಡಬೇಕು.

ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಯಲ್ಲಿರುವ ಪರ್ಸ್ ಪ್ರಯೋಗಾಲಯ ಈ ಯೋಜನೆಯ ಫಲ. ಒಂದು ವಿಭಾಗದ ಕೋಣೆಯೊಳಗೆ ಬೀಗ ಹಾಕಿಡದೆ ಎಲ್ಲರ ಬಳಕೆಗೆ ಇರುವ ಸಾಮಾನ್ಯ ಪ್ರಯೋಗಾಲಯ ಎಂಬ ಕಲ್ಪನೆ ಪರ್ಸ್‌ಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅರ್ಜಿಗೆ ಕುಲಪತಿಗಳ ಆಸಕ್ತಿ, ಕುಲಸಚಿವರ ಕಚೇರಿಯ ಕೆಲಸ, ನಾಲ್ಕೈದು ವಿಭಾಗಗಳ ಒಮ್ಮತ ಎಲ್ಲವೂ ಬೇಕು. ಕುಲಪತಿಗಳ ಅವಧಿಯಲ್ಲಿ ಕೊನೆಯ ಆರು ತಿಂಗಳು ಉಳಿದಿದ್ದರೆ ಈ ದಾರಿ ಹಿಡಿಯುವ ಮುನ್ನ ಎರಡು ಸಲ ಯೋಚಿಸಿ.

ಪೇರ್: ದೊಡ್ಡವರ ಜೊತೆಗೂಡಿ

ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ (ಎಎನ್‌ಆರ್‌ಎಫ್) 2023ರ ಕಾಯ್ದೆಯಿಂದ ಹುಟ್ಟಿತು. ಸಂಶೋಧನೆಗೆ ಹಣ ಕೊಡುತ್ತಿದ್ದ ಹಳೆಯ ಮಂಡಳಿ ಎಸ್‌ಇಆರ್‌ಬಿ ಇದರಲ್ಲೇ ಲೀನವಾಗಿದೆ. ಇದರ ಪೇರ್ ಯೋಜನೆಯಲ್ಲಿ ಮುಂಚೂಣಿಯ ಒಂದು ಸಂಸ್ಥೆ ‘ಹಬ್’, ಅದರ ಸುತ್ತ ಗರಿಷ್ಠ ಏಳು ‘ಸ್ಪೋಕ್’ ಸಂಸ್ಥೆಗಳು. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹಬ್‌ಗಳಲ್ಲಿ ಬೆಂಗಳೂರಿನ ಐಐಎಸ್‌ಸಿಯೂ ಒಂದು.

ರಾಜ್ಯ ವಿಶ್ವವಿದ್ಯಾಲಯಕ್ಕೆ ಇಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಪೋಕ್ ಸ್ಥಾನ. ತಾನಾಗಿ ಅರ್ಜಿ ಹಾಕುವಂತಿಲ್ಲ, ಹಬ್ ಕರೆಯಬೇಕು. ಆದ್ದರಿಂದ ಪೇರ್‌ನ ತಯಾರಿ ಎಂದರೆ ಫಾರಂ ತುಂಬುವುದಲ್ಲ. ಹಬ್ ಸಂಸ್ಥೆಯ ಸಂಶೋಧಕರೊಂದಿಗೆ ಈಗಾಗಲೇ ಜಂಟಿ ಪ್ರಬಂಧ, ಜಂಟಿ ಪಿಎಚ್‌ಡಿ ಮಾರ್ಗದರ್ಶನ ನಡೆಯುತ್ತಿರಬೇಕು. ಅಂಥ ನಂಟು ಇಲ್ಲದಿದ್ದರೆ ಕರೆ ಬಂದ ತಿಂಗಳಲ್ಲಿ ಹುಟ್ಟಿಸಲಾಗದು. ಇನ್ನೊಂದು ಮಾತು: ವಿಷಯವನ್ನು ಹಬ್ ಆರಿಸುತ್ತದೆ. ನಿಮ್ಮ ವಿಭಾಗ ಸಸ್ಯಶಾಸ್ತ್ರದ್ದಾಗಿ ಹಬ್‌ನ ವಿಷಯ ಅರೆವಾಹಕಗಳಾದರೆ ಬರುವ ಉಪಕರಣದಿಂದ ನಿಮ್ಮ ವಿದ್ಯಾರ್ಥಿಗಳಿಗೆ ಏನೂ ದಕ್ಕುವುದಿಲ್ಲ. ವಿಷಯ ಹೊಂದಿಕೊಂಡರೆ ಮಾತ್ರ ಇದರಷ್ಟು ಒಳ್ಳೆಯದು ಬೇರೊಂದಿಲ್ಲ. ಯಂತ್ರದ ಜೊತೆಗೆ ಅದನ್ನು ಚೆನ್ನಾಗಿ ಬಳಸಬಲ್ಲವರ ಒಡನಾಟವೂ ಸಿಗುತ್ತದೆ.

ಪಿಎಂ-ಉಷಾ: ಕಟ್ಟಡ ಬೇಕಾದವರಿಗೆ

2013ರ ರೂಸಾ ಯೋಜನೆಯ ಮುಂದುವರಿಕೆ. 2023-24ರಿಂದ 2025-26ರ ಅವಧಿಗೆ 12,926.10 ಕೋಟಿ ರೂಪಾಯಿಯ ಗಾತ್ರದೊಂದಿಗೆ ಬಂತು. ಮೇರು ಎಂಬ ವಿಭಾಗದಲ್ಲಿ ಆಯ್ದ ವಿಶ್ವವಿದ್ಯಾಲಯಕ್ಕೆ 100 ಕೋಟಿ, ವಿಶ್ವವಿದ್ಯಾಲಯ ಬಲಪಡಿಸುವ ಅನುದಾನದಲ್ಲಿ 20 ಕೋಟಿ, ಕಾಲೇಜಿಗೆ 5 ಕೋಟಿ. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40ರ ಪಾಲು. ಪ್ರಸ್ತಾವನೆ ರಾಜ್ಯ ಸರ್ಕಾರದ ಮೂಲಕವೇ ಹೋಗಬೇಕು. ಮುಂದಿನ ಅವಧಿಯ ಮಾರ್ಗಸೂಚಿ ನೋಡದೆ ಹಳೆಯ ಅಂಕಿಗಳ ಮೇಲೆ ಯೋಜನೆ ಹಾಕಿಕೊಳ್ಳಬೇಡಿ.

ಹೊಸ ಪ್ರಯೋಗಾಲಯ ಕಟ್ಟಡ, ಹಳೆಯದರ ನವೀಕರಣ, ಉಪಕರಣ ಎಲ್ಲವನ್ನೂ ಒಟ್ಟಿಗೆ ಕೇಳಬಹುದಾದದ್ದು ಈ ಪಟ್ಟಿಯಲ್ಲಿ ಇದೊಂದೇ. ತೊಂದರೆ ಎಂದರೆ ನಿಧಾನ. ಎರಡು ಸರ್ಕಾರಗಳ ಕಂತುಗಳು ಒಂದೇ ಹೊತ್ತಿಗೆ ಬರುವುದು ಅಪರೂಪ. ಕಟ್ಟಡ ಮುಗಿಯುವ ಮೊದಲೇ ಉಪಕರಣ ಬಂದು ಪೆಟ್ಟಿಗೆಯಲ್ಲೇ ವಾರಂಟಿ ಕಳೆಯುವುದು ಇಲ್ಲಿನ ಹಳೆಯ ರೋಗ. ಮದ್ದು ಇದೆ: ಖರೀದಿ ಆದೇಶದಲ್ಲಿ ವಾರಂಟಿಯನ್ನು ಸರಕು ತಲುಪಿದ ದಿನದಿಂದಲ್ಲ, ಅಳವಡಿಸಿ ಪರೀಕ್ಷೆ ಮಾಡಿ ಒಪ್ಪಿಕೊಂಡ ದಿನದಿಂದ ಎಣಿಸಬೇಕು ಎಂದು ಬರೆಸಿ.

ಕೆ-ಫಿಸ್ಟ್: ಸಣ್ಣ ಮೊತ್ತ, ಹತ್ತಿರದ ದಾರಿ

ಕರ್ನಾಟಕ ಸರ್ಕಾರದ ವಿಷನ್ ಗ್ರೂಪ್ ಆನ್ ಸೈನ್ಸ್ ಆ್ಯಂಡ್ ಟೆಕ್ನಾಲಜಿ (ವಿಜಿಎಸ್‌ಟಿ) ನಡೆಸುವ ಯೋಜನೆ. ಎರಡು ಹಂತಗಳಿವೆ. ಮೊತ್ತ ಕೋಟಿಗಳಲ್ಲಿ ಅಲ್ಲ, ಲಕ್ಷಗಳಲ್ಲಿ. ಕರ್ನಾಟಕದ ಸಂಸ್ಥೆಗಳಿಗೆ ಮಾತ್ರ ಇರುವುದರಿಂದ ಸ್ಪರ್ಧೆಯ ವ್ಯಾಪ್ತಿ ರಾಜ್ಯದೊಳಗೇ ಉಳಿಯುತ್ತದೆ. ತಾಲ್ಲೂಕು ಕೇಂದ್ರದ ಸ್ನಾತಕೋತ್ತರ ಕಾಲೇಜು ಐಐಟಿಯ ವಿಭಾಗದ ಜೊತೆ ಹೋರಾಡಬೇಕಿಲ್ಲ.

ಇದರ ಮೊತ್ತಕ್ಕೆ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್, ಎಫ್‌ಟಿಐಆರ್, ಎಚ್‌ಪಿಎಲ್‌ಸಿ, ಎಲೆಕ್ಟ್ರೋಕೆಮಿಕಲ್ ವರ್ಕ್‌ಸ್ಟೇಷನ್, ರಿಯಲ್-ಟೈಮ್ ಪಿಸಿಆರ್ ಇಂಥವು ಹೊಂದುತ್ತವೆ. ಕೆ-ಫಿಸ್ಟ್ ಹಣಕ್ಕೆ ಇನ್ನಷ್ಟು ಎಲ್ಲಿಂದಲೋ ಹೊಂದಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೊಳ್ಳುವ ಸಾಹಸ ಮಾಡಬೇಡಿ. ಇನ್ನೊಂದು ಮೂಲ ಕೈಕೊಟ್ಟರೆ ಇದೂ ವಾಪಸ್ ಹೋಗುತ್ತದೆ. ಕೇಂದ್ರದ ಫಿಸ್ಟ್‌ಗೆ ಮುಂದೆ ಹೋಗುವ ಕಾಲೇಜಿಗೆ ಇದು ಒಳ್ಳೆಯ ಮೆಟ್ಟಿಲು. ಸಣ್ಣ ಅನುದಾನವನ್ನು ಸರಿಯಾಗಿ ಬಳಸಿ ಲೆಕ್ಕ ಮುಗಿಸಿದ ದಾಖಲೆ ಮುಂದಿನ ಸಮಿತಿಯ ಮುಂದೆ ತೂಕದ ಸಾಕ್ಷಿ.

ಜೀವವಿಜ್ಞಾನದ ವಿಭಾಗಗಳು ಜೈವಿಕ ತಂತ್ರಜ್ಞಾನ ಇಲಾಖೆಯ ಬಿಲ್ಡರ್ ಕರೆಯನ್ನೂ ಗಮನಿಸುತ್ತಿರಲಿ. ಅದರಲ್ಲಿ ಹಲವು ವಿಭಾಗಗಳ ಕೂಡುಕೆಲಸ ಕಡ್ಡಾಯ.

ಕಂಪನಿಗಳ ಸಿಎಸ್‌ಆರ್ ಹಣ

ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ಪ್ರಕಾರ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಸಂಶೋಧನೆ ಮಾಡುವ ಸರ್ಕಾರಿ ನೆರವಿನ ವಿಶ್ವವಿದ್ಯಾಲಯಗಳಿಗೆ ಕೊಡುವ ಹಣವೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್, ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಮೈಸೂರು, ಮಂಗಳೂರಿನವರಿಗೆ ಇದು ನಿಜವಾದ ಆಯ್ಕೆ. ಇದರ ಬಲ ವೇಗ: ಕಂಪನಿ ಒಪ್ಪಿದರೆ ತಿಂಗಳುಗಳಲ್ಲಿ ಮುಗಿಯುತ್ತದೆ. ದೌರ್ಬಲ್ಯ ಎಂದರೆ ಒಂದೇ ಸಲ ಬರುವ ಹಣ. ಕಂಪನಿಗಳು ನಾಮಫಲಕ ಹಾಕಬಹುದಾದ ಯಂತ್ರಕ್ಕೆ ಸಂತೋಷದಿಂದ ಕೊಡುತ್ತವೆ, ಅದರ ಎಂಟನೇ ವರ್ಷದ ಪಂಪ್ ದುರಸ್ತಿಗೆ ಕೊಡುವುದಿಲ್ಲ. ಆದ್ದರಿಂದ ದೀರ್ಘ ನಿರ್ವಹಣಾ ಒಪ್ಪಂದವನ್ನು ಯಂತ್ರದ ಜೊತೆಗೇ ಖರೀದಿಸಿ ಒಂದೇ ಬಿಲ್ಲಿನಲ್ಲಿ ಸೇರಿಸಲು ಕೇಳಿ.

ಕೊಳ್ಳದೇ ಇರುವ ಆಯ್ಕೆ

ಮೇಲಿನ ಲೆಕ್ಕದಲ್ಲಿ ಸ್ಯಾಂಪಲ್ ಸಂಖ್ಯೆ ಮುನ್ನೂರಕ್ಕಿಂತ ಕೆಳಗಿದ್ದರೆ ಇಲ್ಲಿ ನಿಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೊಡ್ಡ ಉಪಕರಣಗಳನ್ನು ಎಲ್ಲರ ಬಳಕೆಗೆ ಇಟ್ಟಿರುವ ಡಿಎಸ್‌ಟಿಯ ಸೈಫ್ ಕೇಂದ್ರವಿದೆ. ಹೊರಗಿನವರೂ ಶುಲ್ಕ ಕೊಟ್ಟು ಸ್ಯಾಂಪಲ್ ಕಳಿಸಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಉದ್ಘಾಟನೆಯಾದ ಐ-ಸ್ಟೆಮ್ ಪೋರ್ಟಲಿನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಿ ಸಮಯ ಕಾದಿರಿಸಬಹುದು. ನ್ಯಾನೋ ಸಾಧನಗಳ ಕೆಲಸಕ್ಕೆ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರವಾದ ಸೆನ್ಸ್, ಇನಪ್ ಎಂಬ ಕಾರ್ಯಕ್ರಮದಡಿ ಹೊರಗಿನ ಸಂಶೋಧಕರಿಗೆ ಬಾಗಿಲು ತೆರೆದಿದೆ.

ಇದಕ್ಕೆ ಬೇಕಾದ ಹಣ ಉಪಕರಣದ ಅನುದಾನದಲ್ಲಿ ಬರುವುದಿಲ್ಲ. ವೈಯಕ್ತಿಕ ಸಂಶೋಧನಾ ಯೋಜನೆಯ ಸಾದಿಲ್ವಾರು ಅಥವಾ ವಿಶ್ಲೇಷಣಾ ಶುಲ್ಕದ ಬಾಬಿನಲ್ಲಿ ಕೇಳಬೇಕು. ಹೊರಗೆ ಕಳಿಸುವುದರ ನಷ್ಟ ಕಾಯುವ ಹೊತ್ತು, ಗಾಳಿ ತಾಗಿದರೆ ಕೆಡುವ ಸ್ಯಾಂಪಲ್‌ಗಳು, ವಿದ್ಯಾರ್ಥಿಗೆ ಯಂತ್ರದ ಕೈಪಳಗು ಸಿಗದೆ ಹೋಗುವುದು. ಕಲಿಕೆಯೇ ಮುಖ್ಯವಾದರೆ ದುಬಾರಿಯಾದರೂ ಸ್ವಂತ ಯಂತ್ರಕ್ಕೆ ಅರ್ಥವಿದೆ. ಆಗ ಪ್ರಸ್ತಾವನೆಯಲ್ಲಿ ಅದನ್ನೇ ನೇರವಾಗಿ ಬರೆಯಿರಿ, ಸ್ಯಾಂಪಲ್ ಸಂಖ್ಯೆ ಉಬ್ಬಿಸಬೇಡಿ.

ಮಂಜೂರಾದ ಮೇಲೆ ಎಲ್ಲಿ ಸಿಕ್ಕಿಬೀಳುತ್ತೀರಿ

ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು (ಜಿಎಫ್‌ಆರ್) ಅನ್ವಯಿಸುತ್ತವೆ. ಹಣ ಬಳಸಿದ ಪ್ರಮಾಣಪತ್ರ, ಎಲ್ಲರೂ ಯುಸಿ ಎನ್ನುವುದು, 12-ಎ ನಮೂನೆಯಲ್ಲಿ ಹೋಗಬೇಕು. ಅನುದಾನದ ಮೇಲೆ ಬಡ್ಡಿ ಬಂದಿದ್ದರೆ ಅದು ನಿಮ್ಮದಲ್ಲ, ಕೇಂದ್ರಕ್ಕೆ ಕಟ್ಟಬೇಕು. ಒಂದು ಯುಸಿ ಬಾಕಿಯಿದ್ದರೂ ಮುಂದಿನ ಕಂತು ಬರುವುದಿಲ್ಲ. ಬೇರೆ ವಿಭಾಗದ ಹಳೆಯ ಬಾಕಿಯೂ ನಿಮ್ಮ ಕಂತನ್ನು ತಡೆಯಬಹುದು. ಅರ್ಜಿ ಹಾಕುವ ಮುನ್ನವೇ ಹಣಕಾಸು ಶಾಖೆಯಿಂದ ಬಾಕಿ ಪಟ್ಟಿ ತರಿಸಿ ನೋಡಿ.

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಇದರ ಮೇಲೆ ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿರುವ ರಾಜ್ಯದ 1999ರ ಕೆಟಿಪಿಪಿ ಕಾಯ್ದೆಯೂ ಇದೆ. ಟೆಂಡರ್ ರಾಜ್ಯದ ಇ-ಖರೀದಿ ಪೋರ್ಟಲಿನಲ್ಲಿ ಹೋಗುತ್ತದೆ. 2025ರ ಜೂನ್‌ನಲ್ಲಿ ಕೇಂದ್ರವು ವೈಜ್ಞಾನಿಕ ಉಪಕರಣಗಳ ಖರೀದಿ ಮಿತಿಗಳನ್ನು ಸಡಿಲಿಸಿದ ಸುದ್ದಿ ಓದಿ ರಾಜ್ಯ ವಿಶ್ವವಿದ್ಯಾಲಯದಲ್ಲೂ ಹಾಗೆಯೇ ಕೊಳ್ಳಬಹುದೆಂದು ಹೊರಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಖಂಡಿತ. ನಿಮಗೆ ಯಾವುದು ಅನ್ವಯಿಸುತ್ತದೆ ಎಂದು ಹಣಕಾಸು ಅಧಿಕಾರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ತಾಂತ್ರಿಕ ವಿವರಣೆಯನ್ನು ಒಂದು ಕಂಪನಿಯ ಕೈಪಿಡಿಯಿಂದ ನಕಲು ಮಾಡುವುದು ಟೆಂಡರ್ ಕೆಡಲು ಸಾಮಾನ್ಯ ಕಾರಣ. ಉಳಿದವರು ದೂರು ಕೊಡುತ್ತಾರೆ, ಮರುಟೆಂಡರ್‌ನಲ್ಲಿ ವರ್ಷ ಹೋಗುತ್ತದೆ, ಅಷ್ಟರಲ್ಲಿ ಡಾಲರ್ ಏರಿ ಮಂಜೂರಾದ ರೂಪಾಯಿ ಸಾಲದಾಗುತ್ತದೆ. ನಿಮ್ಮ ಅಳತೆಗೆ ಬೇಕಾದ ಫಲಿತಾಂಶವನ್ನು ಬರೆಯಿರಿ, ಯಂತ್ರದ ಒಳಗಿನ ಭಾಗದ ಹೆಸರನ್ನಲ್ಲ. ಮೂರು ಕಂಪನಿಗಳು ಪೂರೈಸುವಂತಿದೆಯೇ ಎಂದು ಮೊದಲೇ ಪರೀಕ್ಷಿಸಿ.

ಜಾಗದ ಮಾತೂ ಅಷ್ಟೇ ಮುಖ್ಯ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ನೆಲಮಹಡಿ ಬೇಕು, ಲಿಫ್ಟ್, ಟ್ರಾನ್ಸ್‌ಫಾರ್ಮರ್, ಬಸ್ಸು ಓಡಾಡುವ ರಸ್ತೆ ದೂರವಿರಬೇಕು. ಕಂಪನ ಮತ್ತು ಕಾಂತಕ್ಷೇತ್ರದ ಸ್ಥಳ ಸಮೀಕ್ಷೆಯನ್ನು ಕಂಪನಿಯಿಂದ ಖರೀದಿ ಆದೇಶಕ್ಕೆ ಮೊದಲೇ ಮಾಡಿಸಿ. ಎಕ್ಸ್-ಕಿರಣ ಬಳಸುವ ಎಕ್ಸ್‌ಆರ್‌ಡಿ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಇ-ಲೋರಾ ಪೋರ್ಟಲಿನಲ್ಲಿ ನೋಂದಣಿ ಬೇಕು. ಎಲ್‌ಸಿ-ಎಂಎಸ್‌ಗೆ ನೈಟ್ರೋಜನ್ ಜನರೇಟರ್ ಮತ್ತು ಹೊರಗಾಳಿಗೆ ಕೊಳವೆ ಬೇಕು, ಕೊಟೇಶನ್ನಿನಲ್ಲಿ ಇವು ‘ಐಚ್ಛಿಕ’ ಎಂದು ಕೆಳಗೆ ಸಣ್ಣಕ್ಷರದಲ್ಲಿರುತ್ತವೆ. ಅತಿಶೀತದಲ್ಲಿಟ್ಟ ಅಯಸ್ಕಾಂತದಿಂದ ಅಣುಗಳ ರಚನೆ ಅಳೆಯುವ ಎನ್‌ಎಂಆರ್ ಯಂತ್ರ ಎಂದರೆ ದ್ರವ ಹೀಲಿಯಂ ಮತ್ತು ದ್ರವ ನೈಟ್ರೋಜನ್‌ನ ಕೊನೆಯಿಲ್ಲದ ಖರ್ಚು. ಒಂದು ಸಲ ಹೀಲಿಯಂ ತುಂಬುವುದು ತಪ್ಪಿ ಅಯಸ್ಕಾಂತ ಬಿಸಿಯಾಗಿ ತನ್ನ ಶಕ್ತಿ ಕಳೆದುಕೊಂಡರೆ, ಅಂದರೆ ಕ್ವೆಂಚ್ ಆದರೆ, ಮತ್ತೆ ಎಬ್ಬಿಸುವ ಖರ್ಚನ್ನು ಯಾವ ಅನುದಾನವೂ ಕೊಡುವುದಿಲ್ಲ.

ಯಾರಿಗೆ ಯಾವುದು

ನಾಲ್ಕೈದು ಕಾಯಂ ಅಧ್ಯಾಪಕರಿರುವ ಜಿಲ್ಲೆಯ ಸ್ನಾತಕೋತ್ತರ ಕಾಲೇಜಾದರೆ ಕೆ-ಫಿಸ್ಟ್ ಮೊದಲು, ಅದು ಮುಗಿದು ಯುಸಿ ಹೋದಮೇಲೆ ಫಿಸ್ಟ್‌ನ ಎ ಹಂತ. ಎಂಟು-ಹತ್ತು ಜನರಿದ್ದು ಪ್ರಕಟಣೆ ಚೆನ್ನಾಗಿರುವ ವಿಶ್ವವಿದ್ಯಾಲಯದ ವಿಭಾಗಕ್ಕೆ ಫಿಸ್ಟ್‌ನ ಮೇಲಿನ ಹಂತ, ನಿರ್ವಹಣೆಯ ಬಾಬನ್ನು ಬಿಡದೆ. ಮೂರ್ನಾಲ್ಕು ವಿಭಾಗಗಳಿಗೆ ಒಂದೇ ಯಂತ್ರದ ಹಸಿವಿದ್ದು ಕುಲಪತಿಗಳಿಗೆ ಎರಡು ವರ್ಷವಾದರೂ ಅವಧಿ ಉಳಿದಿದ್ದರೆ ಪರ್ಸ್. ಐಐಎಸ್‌ಸಿಯಂಥ ಸಂಸ್ಥೆಯ ಗುಂಪಿನೊಂದಿಗೆ ಈಗಾಗಲೇ ಜಂಟಿ ಕೆಲಸವಿದ್ದರೆ ಪೇರ್‌ನ ಮುಂದಿನ ಸುತ್ತಿಗೆ ಅವರೊಂದಿಗೆ ಇವತ್ತೇ ಮಾತಾಡಿ. ಮಳೆಗಾಲದಲ್ಲಿ ಸೋರುವ ಪ್ರಯೋಗಾಲಯವಿದ್ದರೆ ಮೊದಲು ಪಿಎಂ-ಉಷಾ ಅಥವಾ ವಿಶ್ವವಿದ್ಯಾಲಯದ ಸ್ವಂತ ನಿಧಿಯಿಂದ ಛಾವಣಿ, ಆಮೇಲೆ ಯಂತ್ರ. ಖಾಸಗಿ ಟ್ರಸ್ಟಿನ ಸಂಸ್ಥೆಗಳು ಸ್ವಯಂಸೇವಾ ಸಂಸ್ಥೆಗಳ ಕೇಂದ್ರ ಪೋರ್ಟಲ್ ಆದ ಎನ್‌ಜಿಒ ದರ್ಪಣ್‌ನ ಸಂಖ್ಯೆ ಮತ್ತು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ (ಡಿಎಸ್‌ಐಆರ್) ನೋಂದಣಿಯನ್ನು ಕರೆ ಬರುವ ಮೊದಲೇ ಮುಗಿಸಿಕೊಳ್ಳಲಿ.

ಯಾವ ದಾರಿ ಹಿಡಿದರೂ ಕರೆ ಪ್ರಕಟವಾದ ದಿನ ಕೈಯಲ್ಲಿರಬೇಕಾದ ಕಡತ ಒಂದೇ: ಕಳೆದ ಐದು ವರ್ಷದ ಪ್ರಕಟಣೆ ಮತ್ತು ಪಿಎಚ್‌ಡಿ ಪಟ್ಟಿ, ಇರುವ ಉಪಕರಣಗಳ ಸ್ಥಿತಿ ಮತ್ತು ಲಾಗ್ ಪುಸ್ತಕದ ಸಾರ, ಮೂರು ಹೊಸ ಕೊಟೇಶನ್ನುಗಳು, ಕೋಣೆಯ ನಕ್ಷೆ, ಹೊರಗೆ ಕಳಿಸಿದ ಸ್ಯಾಂಪಲ್‌ಗಳ ರಸೀದಿಗಳು. ಬೇಡಿಕೆ ಇದೆ ಎನ್ನಲು ಕೊನೆಯದು ಅತ್ಯಂತ ಗಟ್ಟಿ ಸಾಕ್ಷಿ. ಹೆಚ್ಚಿನ ವಿಭಾಗಗಳಲ್ಲಿ ಅದನ್ನು ಎತ್ತಿಡುವವರೇ ಇಲ್ಲದಿರುವುದರಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಈ ಕೆಲಸ ಒಪ್ಪಿಸಿ, ತಿಂಗಳಿಗೊಮ್ಮೆ ನೋಡಿ.